ಹತ್ತಿ ಹೊಲದ ಬದುವಿನಲ್ಲಿ ಕೂಗದ ಮಾತು

ಇದು ನಡೆದದ್ದು 2023ರಲ್ಲಿ. ದಸರಾ ಮುಗಿದಿತ್ತು, ದೀಪಾವಳಿಗೆ ಇನ್ನೂ ದಿನಗಳಿದ್ದವು. ಪತ್ರಿಕೆಯ ಇಂಥ ಪುಟಗಳಿಗೆ ಬರೆಯುವವರು ಸಾಮಾನ್ಯವಾಗಿ ತಮಗೆ ಯಾರೋ ಅಪರಿಚಿತರು ಮಾಡಿದ ಉಪಕಾರವನ್ನು ನೆನೆಯುತ್ತಾರೆ. ನಾನು ಬರೆಯುತ್ತಿರುವುದು ನಾನೇ ಮಾಡಿದ ಒಂದು ಅಪಕಾರದ ಬಗ್ಗೆ. ಓದಿ ಬೈಯುವವರು ಧಾರಾಳವಾಗಿ ಬೈಯಲಿ. ಬೈಯಬೇಕಾದವರು ಯಾರೂ ಬೈಯಲಿಲ್ಲ ಎನ್ನುವುದೇ ನನ್ನ ಕಷ್ಟ.

ನಾನಿರುವುದು ಚನ್ನಪಟ್ಟಣದಲ್ಲಿ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ನನ್ನ ತವರು ಸಾತನೂರಿನ ಆಚೆಗಿರುವ ಒಂದು ಸಣ್ಣ ಹಳ್ಳಿ. ಅಪ್ಪನಿಗೆ ನಾನೊಬ್ಬಳೇ ಮಗಳು. ಅವರು ಹೋದ ಮೇಲೆ ಎರಡು ಎಕರೆ ಹೊಲ ನನ್ನ ಪಾಲಿಗೆ ಬಂತು. ಆ ಹೊಲಕ್ಕೆ ಊರಿನಲ್ಲಿ 'ಹತ್ತಿ ಹೊಲ' ಎಂದೇ ಹೆಸರು. ತಮಾಷೆ ಎಂದರೆ, ಆ ಹೊಲದಲ್ಲಿ ಹತ್ತಿ ಬೆಳೆದದ್ದನ್ನು ನಾನಿರಲಿ, ನಮ್ಮಪ್ಪನೂ ಕಂಡಿರಲಿಲ್ಲ. ಅವರ ಕಾಲಕ್ಕೆ ಅಲ್ಲಿ ರಾಗಿ, ಹುರುಳಿ, ಆಮೇಲೆ ಒಂದಷ್ಟು ವರ್ಷ ಬೀಳು.

ಹತ್ತಿಯ ಕಥೆಯೆಲ್ಲ ನನಗೆ ಗೊತ್ತಾದದ್ದು ಅಜ್ಜಿಯಿಂದ. ನಮ್ಮ ಕಡೆ ಕೆಂಪು ಮಣ್ಣೇ ಹೆಚ್ಚು. ನಡುನಡುವೆ ಅಲ್ಲೊಂದು ಇಲ್ಲೊಂದು ತುಂಡು ಕಪ್ಪು ಮಣ್ಣು. ಅಂಥ ಹೊಲ ಇದ್ದವರು ಊರಿಗೆ ದೊಡ್ಡವರು. ಹತ್ತಿ ಬಿಡಿಸುವ ಕಾಲಕ್ಕೆ ಊರಿನ ಹೆಂಗಸರೆಲ್ಲ ಆ ಹೊಲಗಳಲ್ಲಿರುತ್ತಿದ್ದರು. ಬೀಜ ಬೇರ್ಪಡಿಸಿ, ಹಿಂಜಿಸಿ, ಹಂಜಿಯ ಸುರುಳಿ ಮಾಡಿ, ಮನೆಯ ಜಗಲಿಯ ಮೇಲೆ ಕೂತು ನೂಲುವುದು. ನೂಲು ಸಂತೆಗೆ ಹೋಗುತ್ತಿತ್ತು, ನೇಯುವವರ ಕೇರಿಗೆ ಹೋಗುತ್ತಿತ್ತು. ಹತ್ತಿಬೀಜ ಎಮ್ಮೆಗೆ, ಕಡ್ಡಿ ಒಲೆಗೆ. ಹೆಂಗಸರ ಕೈಯಲ್ಲಿ ಅವರದೇ ಅಂತ ನಾಲ್ಕು ಕಾಸು ಓಡಾಡಿದ್ದು ಆ ನೂಲಿನಿಂದ ಎಂದು ಅಜ್ಜಿ ಹೇಳುತ್ತಿದ್ದರು. ನಮ್ಮ ಹಳೇ ಮನೆಯ ಬಾಗಿಲುವಾಡ ಹತ್ತಿಯ ದುಡ್ಡಿನದು ಎಂದು ಅದನ್ನು ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು. ಆಮೇಲೆ ಗಿರಣಿ ಬಟ್ಟೆ ಬಂತು, ನೂಲು ಕೇಳುವವರಿಲ್ಲದಾಯಿತು. ಅಷ್ಟರಲ್ಲಿ ರೇಷ್ಮೆ ಕೈ ಹಿಡಿಯಿತು. ವರ್ಷಕ್ಕೊಂದು ಬೆಳೆ ಕಾಯುವ ಬದಲು ಒಂದೆರಡು ತಿಂಗಳಿಗೊಮ್ಮೆ ಗೂಡು ಮಾರುವ ಹಾಗಾದರೆ ಯಾರು ತಾನೇ ಬೇಡ ಎನ್ನುತ್ತಾರೆ? ಹತ್ತಿ ಹೋಗಿ ಹೆಸರು ಮಾತ್ರ ಹೊಲದಲ್ಲಿ ಉಳಿಯಿತು.

ನಿವೃತ್ತಿಯಾದ ಮೇಲೆ ನನಗೆ ಇದರ ಹುಚ್ಚು ಹಿಡಿಯಿತು. ಅಲ್ಲಿ ಇಲ್ಲಿ ಒಂದೆರಡು ಲೇಖನ ಬರೆದೆ. ನಾಟಿ ಹತ್ತಿಬೀಜ ಹುಡುಕಿ ತರಿಸಿದೆ. ಮುಂಗಾರಿನಲ್ಲಿ ಒಂದು ಎಕರೆಗೆ ಬಿತ್ತಿಸಿಯೂ ಬಿಟ್ಟೆ. ಊರಿನವರು ನಕ್ಕರು. ನಗಲಿ ಬಿಡಿ ಅಂದುಕೊಂಡೆ. ಆ ವರ್ಷ ಮಳೆ ಅಷ್ಟಕ್ಕಷ್ಟೇ, ಆದರೂ ಹತ್ತಿ ಸೊಂಟದೆತ್ತರ ಬಂತು. ಹಳದಿ ಹೂವು ಬಿಟ್ಟಾಗ ನಾನು ಫೋಟೋ ತೆಗೆದು ಕಂಡಕಂಡವರಿಗೆಲ್ಲ ಕಳಿಸಿದೆ.

ನನ್ನ ಹೊಲದ ಬದುವಿನಾಚೆ ಚಿಕ್ಕತಾಯಮ್ಮನ ಹೊಲ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ನಮ್ಮಪ್ಪ ಕಾಯಿಲೆ ಬಿದ್ದಾಗ ನಾನು ರಜೆ ಇಲ್ಲ ಎಂದು ಚನ್ನಪಟ್ಟಣದಲ್ಲಿ ಕೂತಿದ್ದರೆ, ಎರಡು ಹೊತ್ತು ಗಂಜಿ ಕಾಯಿಸಿ ಕೊಟ್ಟವರು ಅವರು. ಅವರದು ಪೂರ್ತಿ ರೇಷ್ಮೆ ಸೊಪ್ಪಿನ ತೋಟ. ಹೊಲದ ಆ ಕೊನೆಯಲ್ಲಿ ಹುಳದ ಮನೆ, ಅದರ ಪಕ್ಕ ವಾಸದ ಮನೆ. ಮಗ ಕೆಂಪರಾಜು, ಸೊಸೆ ಶೋಭಾ. ಶೋಭಾ ಮಾಗಡಿ ಕಡೆಯ ಹುಡುಗಿ, ತವರು ಗುಡೇಮಾರನಹಳ್ಳಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಬಿ.ಎ. ಓದಿದ್ದಳು, ಬಿ.ಎಡ್. ಮಾಡಿ ಟೀಚರಾಗಬೇಕೆಂದು ಅವಳಿಗೆ ಆಸೆ.

ನಾನು ಹೊಲಕ್ಕೆ ಹೋದಾಗಲೆಲ್ಲ ಬದುವಿನ ಹತ್ತಿರ ಬಂದು ನಿಲ್ಲುತ್ತಿದ್ದಳು. "ಟೀಚರ್, ಮೊದಲನೇ ದಿನ ಕ್ಲಾಸಿಗೆ ಹೋದಾಗ ನಿಮಗೆ ಭಯ ಆಗಿತ್ತಾ?" ಎಂದು ಒಮ್ಮೆ ಕೇಳಿದ್ದಳು. ಅತ್ತೆ ಮೊದಮೊದಲು ಒಪ್ಪಿರಲಿಲ್ಲ. ನಾನೇ ಮಾತಾಡಿ ಒಪ್ಪಿಸಿದೆ. "ಆಯ್ತು ಕಣವ್ವ, ದೀಪಾವಳಿ ಬೆಳೆ ಬರ್ಲಿ, ಆ ಗೂಡಿನ ದುಡ್ಡಲ್ಲಿ ಸೇರಿಸ್ಬುಡನ" ಎಂದು ಚಿಕ್ಕತಾಯಮ್ಮ ಹೇಳಿದ ದಿನ ಆ ಹುಡುಗಿ ನನ್ನ ಕೈಗೆ ಒಂದು ಬುಟ್ಟಿ ಸೀಬೆಹಣ್ಣು ಕೊಟ್ಟು ಕಳಿಸಿದಳು. ಅರ್ಜಿಯನ್ನು ಇಬ್ಬರೂ ಕೂತು ತುಂಬಿದೆವು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರೂ ಬರೆದಿಟ್ಟದ್ದಲ್ಲ, ಆದರೂ ಎಲ್ಲರೂ ನಡೆಸಿಕೊಂಡು ಬಂದದ್ದು. ಪಕ್ಕದಲ್ಲಿ ಸೊಪ್ಪಿನ ತೋಟವಿದ್ದರೆ, ಹೊಲಕ್ಕೆ ಮದ್ದು ಹೊಡೆಯುವ ಹಿಂದಿನ ದಿನ ಬದುವಿನ ಮೇಲೆ ನಿಂತು ಕೂಗಿ ಹೇಳಬೇಕು. ಗಾಳಿಗೆ ಒಂದು ತೊಟ್ಟು ಮದ್ದು ಸೊಪ್ಪಿನ ಮೇಲೆ ಬಿದ್ದರೂ ಹುಳ ಉಳಿಯುವುದಿಲ್ಲ. ಹೇಳಿದರೆ ಅವರು ಎರಡು ದಿನದ ಸೊಪ್ಪು ಮೊದಲೇ ಕುಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡುತ್ತಾರೆ, ಆಮೇಲೆ ಬದುವಿನ ಕಡೆಯ ಸಾಲು ಬಿಟ್ಟು ಬೇರೆ ಕಡೆ ಕುಯ್ಯುತ್ತಾರೆ. ಹುಳ ದೊಡ್ಡದಾಗಿದ್ದರೆ "ನಾಕು ದಿನ ತಡ್ಕೊಳಪ್ಪ" ಎನ್ನುತ್ತಾರೆ, ಮದ್ದಿನವನು ತಡೆದುಕೊಳ್ಳುತ್ತಾನೆ. ಆಸ್ತಿಗೆ ಹೊಡೆದಾಡಿ ಮಾತು ಬಿಟ್ಟವರು ಕೂಡ ಇದೊಂದು ಮಾತನ್ನು ಕೂಗಿ ಹೇಳುತ್ತಾರೆ. ನಮ್ಮಪ್ಪ ಹುರುಳಿಗೆ ಬೂದಿ ಎರಚುವಾಗಲೂ ಹೇಳುತ್ತಿದ್ದರು.

ಆ ಸಲ ಕನಕಪುರದ ಒಂದು ಕಾಲೇಜಿನವರು ನನ್ನನ್ನು ರಾಜ್ಯೋತ್ಸವದ ಉಪನ್ಯಾಸಕ್ಕೆ ಕರೆದಿದ್ದರು. ವಿಷಯ, 'ನಮ್ಮ ಸೀಮೆಯ ಹತ್ತಿ'. ಕಾಯಿ ಬಿರಿದ ಹತ್ತಿಯ ಗಿಡಗಳನ್ನೇ ಕಿತ್ತುಕೊಂಡು ಹೋಗಿ ವೇದಿಕೆಯ ಮೇಲೆ ಜೋಡಿಸಬೇಕು, ಹುಡುಗರು ಬಾಯಿ ಬಿಡಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ. ಉಪನ್ಯಾಸಕ್ಕೆ ಒಂದು ವಾರವಿದೆ ಎನ್ನುವಾಗ ಹೊಲಕ್ಕೆ ಹೋಗಿ ನೋಡಿದರೆ ಕಾಯಿಗಳಲ್ಲಿ ತೂತು. ಕಾಯಿಕೊರಕ ಬಿದ್ದಿತ್ತು. ಒಂದು ಕಾಯಿ ಬಿಡಿಸಿ ನೋಡಿದೆ, ಒಳಗೆ ಹುಳ ಕೂತು ತಿನ್ನುತ್ತಿತ್ತು. ನನಗೆ ಅಳು ಬಂದಿತು.

ಮದ್ದು ಹೊಡೆಯುವ ಮರಿಯಪ್ಪನಿಗೆ ಫೋನ್ ಮಾಡಿದೆ. ಬುಧವಾರ ಒಂದೇ ದಿನ ತನಗೆ ಬಿಡುವು ಎಂದ. ಅದೇ ಸೋಮವಾರ ನಮ್ಮ ಯಜಮಾನರ ಚಿಕ್ಕಪ್ಪ ತೀರಿಕೊಂಡಿದ್ದರು, ನಮಗೆ ಹನ್ನೊಂದು ದಿನ ಸೂತಕ. ಸೂತಕದವರು ಹುಳದ ಮನೆಯ ಕಡೆ ಸುಳಿಯಬಾರದು ಎಂದು ನಮ್ಮಲ್ಲಿ ಗಟ್ಟಿ ನಂಬಿಕೆ. ಚಿಕ್ಕತಾಯಮ್ಮನ ಹುಳಗಳು ಆಗ ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಹುಳ ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಇನ್ನು ಮೂರು ದಿನ ಗಬಗಬ ತಿಂದು ಹಣ್ಣಾದರೆ ಬಿದಿರಿನ ಚಂದ್ರಿಕೆಗೆ ಬಿಡುವುದು, ಅಲ್ಲಿ ಅವು ಗೂಡು ಕಟ್ಟುತ್ತವೆ.

ಸೂತಕವಿದೆಯಲ್ಲ, ಅವರ ಮನೆಗೆ ಹೇಗೆ ಹೋಗಿ ಹೇಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ಇದು ಶುದ್ಧ ನೆಪ. ಬದುವಿನಿಂದ ಕೂಗುವುದಕ್ಕೆ ಸೂತಕ ಅಡ್ಡ ಬರುವುದಿಲ್ಲ. ಕೈಯಲ್ಲಿ ಫೋನ್ ಇತ್ತು. ಹೇಳಿದರೆ ಚಿಕ್ಕತಾಯಮ್ಮ "ಶನಿವಾರದವರ್ಗೂ ತಡಿ ಕಮಲೂ" ಎನ್ನುತ್ತಾರೆ, ಅಷ್ಟರಲ್ಲಿ ನನ್ನ ಹತ್ತಿ ತೂತು ಬಿದ್ದು ಹೋಗುತ್ತದೆ, ವೇದಿಕೆಯ ಮೇಲೆ ನಾನು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ನಿಜವಾದ ಕಾರಣ ಅದು. ಇಲ್ಲ ಎನ್ನಿಸಿಕೊಳ್ಳುವುದು ಬೇಡವಾಗಿತ್ತು, ಅದಕ್ಕೆ ಕೇಳಲೇ ಇಲ್ಲ.

ಬುಧವಾರ ಬೆಳಗ್ಗೆ ಮರಿಯಪ್ಪ ಪಂಪು ಬೆನ್ನಿಗೇರಿಸಿಕೊಂಡು ಬದುವಿನ ಕಡೆ ನೋಡಿದ.

"ಅಮ್ಮಾವ್ರೇ, ಪಕ್ದೋರ್ಗೆ ಹೇಳಿದ್ದೀರಾ?"

"ಹೂಂ, ಹೇಳಿದ್ದೀನಿ ಕಣಪ್ಪ. ಹೊಡಿ" ಎಂದೆ.

ಅಷ್ಟೇ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ಉಸಿರು ಬಿಟ್ಟಷ್ಟು ಸಲೀಸಾಗಿ ಹೇಳಿದೆ. ಗಾಳಿ ಇಲ್ಲ, ಏನೂ ಆಗುವುದಿಲ್ಲ ಎಂದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಹತ್ತಿ ಗಿಡ ಸೊಪ್ಪಿನ ತೋಟದ ಕಡೆಗೆ ಬಾಗುತ್ತಿದ್ದುದನ್ನು ನೋಡಿದೆ. ಮರಿಯಪ್ಪನಿಗೆ ಸಾಕು ನಿಲ್ಲಿಸು ಎನ್ನಬಹುದಿತ್ತು. ಇನ್ನು ನಾಲ್ಕೇ ಸಾಲು ಉಳಿದಿದೆ ಎಂದು ಸುಮ್ಮನಾದೆ. ಮಧ್ಯಾಹ್ನದ ಬಸ್ಸಿಗೆ ಚನ್ನಪಟ್ಟಣಕ್ಕೆ ಬಂದುಬಿಟ್ಟೆ.

ಮರುದಿನ ಊಟಕ್ಕೆ ಕೂತಿದ್ದಾಗ ಕೆಂಪರಾಜುವಿನ ಫೋನ್ ಬಂತು. "ಮೇಡಂ, ಒಸಿ ಬತ್ತೀರಾ? ಹುಳ ಎಲ್ಲಾ ಹೋಗ್ಬುಟ್ವು" ಎಂದ. ತಟ್ಟೆ ಹಾಗೇ ಬಿಟ್ಟು ಎದ್ದೆ. ಸಾತನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಹೋದ ತಕ್ಷಣ ಹೇಳಿಬಿಡುತ್ತೇನೆ, ನಷ್ಟ ಕಟ್ಟಿಕೊಡುತ್ತೇನೆ, ಕಾಲು ಹಿಡಿಯುತ್ತೇನೆ. ಹೀಗೆಲ್ಲ ಮಾತು ಜೋಡಿಸಿಕೊಂಡೇ ಹೋದೆ.

ಹುಳದ ಮನೆಯ ಹೊಸ್ತಿಲಿನ ಹೊರಗೆ ನಿಂತೆ. ಒಳಗೆ ಬಾರದ ನನ್ನನ್ನು ನೋಡಿ ಚಿಕ್ಕತಾಯಮ್ಮ, "ಇನ್ನೇನ್ ಸೂತಕ, ಒಳಕ್ಕೆ ಬಾ ಕಣವ್ವ" ಎಂದರು. ಸಾಲು ಸಾಲು ಸ್ಟ್ಯಾಂಡುಗಳ ಮೇಲೆ ಬೆರಳು ಗಾತ್ರದ ಹುಳಗಳು. ಕೆಲವು ತಲೆ ಎತ್ತಿ ಆ ಕಡೆ ಈ ಕಡೆ ಒದ್ದಾಡುತ್ತಿದ್ದವು. ಮಿಕ್ಕವು ಹಸಿರು ನೀರು ಕಾರಿಕೊಂಡು ಮುದುಡಿ ಬಿದ್ದಿದ್ದವು. ಹುಳದ ಮನೆಗೆ ಹೋದರೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸಬೇಕು. ಆವತ್ತು ಏನೂ ಕೇಳಿಸುತ್ತಿರಲಿಲ್ಲ. ಮೂಲೆಯಲ್ಲಿ ಬಾಡಿಗೆಗೆ ತಂದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು.

ಮದ್ದಿನ ಸೊಪ್ಪು ಎಂದು ಅವರಿಗೆ ಆಗಲೇ ಗೊತ್ತಾಗಿತ್ತು. ಇಷ್ಟು ವರ್ಷ ಹುಳ ಸಾಕಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬುಧವಾರ ಚಿಕ್ಕತಾಯಮ್ಮ ನೆಂಟರ ಮನೆಯ ತಿಥಿಗೆ ಹೋಗಿದ್ದರು. ಕೆಂಪರಾಜು ಚಂದ್ರಿಕೆ ತರಲು ಕನಕಪುರಕ್ಕೆ ಹೋಗಿದ್ದ. ಮನೆಯಲ್ಲಿದ್ದವಳು ಶೋಭಾ ಒಬ್ಬಳೇ. ಸಾಯಂಕಾಲ ಬದುವಿನ ಕಡೆಯ ಸಾಲಿನಿಂದ ಸೊಪ್ಪು ಕುಯ್ದು ತಂದು ಹಾಕಿದವಳೂ ಅವಳೇ. ಈಗಿನ ಮದ್ದುಗಳಿಗೆ ಮೊದಲಿನ ಹಾಗೆ ಮೂಗಿಗೆ ಬಡಿಯುವ ವಾಸನೆ ಇಲ್ಲ.

ಕೆಂಪರಾಜು ಬೆಳಗ್ಗೆಯೇ ಮರಿಯಪ್ಪನನ್ನು ಹಿಡಿದು ಕೇಳಿದ್ದ. ಮರಿಯಪ್ಪ ಆಣೆ ಮಾಡಿ ಹೇಳಿದ್ದ, "ಟೀಚರಮ್ಮ ನಿಮ್ಮನೇಗೆ ಹೇಳಿದ್ದೀನಿ ಅಂದವ್ರೆ ಕಣಣ್ಣ, ಕೇಳಿಯೇ ಹೊಡ್ದಿದ್ದು" ಎಂದು. ಟೀಚರಮ್ಮ ಹೇಳಿದ್ದಾಳೆ, ಮನೆಯಲ್ಲಿದ್ದವಳು ಶೋಭಾ, ಹಾಗಾದರೆ ಹೇಳಿದ್ದು ಶೋಭಾಳಿಗೆ. ಅವಳು ಮರೆತು ಅದೇ ಸೊಪ್ಪು ತಂದು ಹಾಕಿದ್ದಾಳೆ. ನಾನು ಬಸ್ಸಿನಿಂದ ಇಳಿಯುವ ಮೊದಲೇ ಮನೆಯವರೆಲ್ಲ ಈ ತೀರ್ಮಾನಕ್ಕೆ ಬಂದಾಗಿತ್ತು.

ಶೋಭಾ ಹುಳದ ಮನೆಯ ಗೋಡೆಗೆ ಆನಿಕೊಂಡು ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. "ನನಗೆ ಯಾರೂ ಹೇಳಿಲ್ಲ ಅತ್ತೆ, ನಮ್ಮವ್ವನಾಣೆ" ಎಂದು ಹೇಳಿ ಹೇಳಿ ಸಾಕಾಗಿತ್ತೋ ಏನೋ, ನಾನು ಹೋದಾಗ ನೆಲ ನೋಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಮುಖಕ್ಕೆ ಜೀವ ಬಂತು. ಟೀಚರ್ ಬಂದರು, ಇನ್ನು ಸರಿಹೋಗುತ್ತದೆ ಎನ್ನುವ ನೋಟ ಅದು. ಅದು ನನಗೆ ಚೆನ್ನಾಗಿ ಗೊತ್ತು. ಕ್ಲಾಸಿನಲ್ಲಿ ಕದಿಯದೆ ಕಳ್ಳರಾದ ಮಕ್ಕಳು ಹಾಗೆ ನೋಡುತ್ತಿದ್ದರು.

"ಹೇಳಿ ಮೇಡಂ" ಎಂದ ಕೆಂಪರಾಜು. "ಇವಳಿಗೆ ತಾನೇ ನೀವು ಹೇಳಿದ್ದು? ಇಲ್ಲ ಅಂತ ವಾದ ಮಾಡ್ತಾವ್ಳೆ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಬಾಗಿಲಲ್ಲಿ ಊರಿನ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು. ನಾನು ಶೋಭಾಳ ಮುಖ ಬಿಟ್ಟು ಚಂದ್ರಿಕೆಯ ಕಡೆ ನೋಡಿದೆ.

"ಈಗ ಅದೆಲ್ಲ ಯಾಕಪ್ಪ" ಎಂದೆ. "ಆದದ್ದು ಆಯ್ತು. ಚಿಕ್ಕ ಹುಡುಗಿ, ಬಯ್ಯಬೇಡಿ."

ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ದೊಡ್ಡ ಮನುಷ್ಯಳ ಹಾಗೆ ಸಮಾಧಾನ ಹೇಳಿದೆ. ಬಾಗಿಲಲ್ಲಿದ್ದವರು ತಲೆಯಾಡಿಸಿದರು. ಕೆಂಪರಾಜು ಹೆಂಡತಿಯ ಕಡೆ ತಿರುಗಿ, "ನೋಡು, ನಿನ್ನ ಮಾನ ಉಳಿಸಾಕೆ ಅವರೇ ಬಾಯ್ಬುಡ್ತಿಲ್ಲ" ಎಂದ. ಶೋಭಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಬುಟ್ಟಿ ತೆಗೆದುಕೊಂಡು ಸತ್ತ ಹುಳಗಳನ್ನು ಬಾಚತೊಡಗಿದಳು. ನಾನು ಟೀ ಕುಡಿದು, ಐದು ಗಂಟೆಯ ಬಸ್ಸಿಗೆ ಹೊರಟೆ.

ಮುಂದಿನ ಬುಧವಾರ ಕನಕಪುರದಲ್ಲಿ ಉಪನ್ಯಾಸ. ಹತ್ತಿ ಗಿಡಗಳನ್ನು ಜೋಡಿಸಿದ್ದೆ, ಮದ್ದು ಚೆನ್ನಾಗಿ ಕೆಲಸ ಮಾಡಿತ್ತು, ಕಾಯಿಗಳು ಬಿರಿದು ಬೆಳ್ಳಗೆ ನಿಂತಿದ್ದವು. ದೀಪ ಹಚ್ಚಿ ಎಂದರು, ಹಚ್ಚಿದೆ. ಸೂತಕ ಇನ್ನೂ ಮುಗಿದಿರಲಿಲ್ಲ. ಅದು ನನಗೆ ಆ ಹೊತ್ತಿಗೆ ನೆನಪೇ ಆಗಲಿಲ್ಲ. ಈ ಸೀಮೆಯನ್ನು ಹತ್ತಿ ಹೇಗೆ ಸಾಕಿತು, ಹೆಂಗಸರ ಕೈಗೆ ಹೇಗೆ ನಾಲ್ಕು ಕಾಸು ಕೊಟ್ಟಿತು, ಬೆಳೆಯುವವರು, ಹಿಂಜುವವರು, ನೇಯುವವರು ಒಬ್ಬರನ್ನೊಬ್ಬರು ನಂಬಿ ಹೇಗೆ ಬಾಳಿದರು ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಹುಡುಗಿಯೊಬ್ಬಳು ಎದ್ದು, "ಅಷ್ಟು ಒಳ್ಳೇದಿದ್ರೆ ಹತ್ತಿ ಯಾಕೆ ಹೋಯ್ತು ಮೇಡಂ?" ಎಂದು ಕೇಳಿದಳು. ಗಿರಣಿ, ಬೆಲೆ, ನೀರು, ರೇಷ್ಮೆ ಎಂದು ಅಚ್ಚುಕಟ್ಟಾಗಿ ಉತ್ತರ ಕೊಟ್ಟೆ. ಜೋರಾಗಿ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಆ ಶಾಲನ್ನು ಮನೆಗೆ ತಂದು ಮಂಚದ ಮೇಲೆ ಇಟ್ಟೆ. ಆವತ್ತಿನಿಂದ ಊಟ ಸೇರಲಿಲ್ಲ. ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನೀನು ಮೊದಲ ದಿನವೇ ಹೇಳಬೇಕಿತ್ತು. ಈಗಲಾದರೂ ಹೋಗು" ಎಂದರು. ಅದಕ್ಕೂ ನಾನು ಮೂರು ದಿನ ತೆಗೆದುಕೊಂಡೆ. ಭಾನುವಾರ ಹೋದೆ.

ಕೆಂಪರಾಜು ಅಂಗಳದಲ್ಲಿ ಹುಳದ ತಟ್ಟೆಗಳನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತಿದ್ದ. ಚಿಕ್ಕತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಶೋಭಾ ಎಲ್ಲಿ ಎಂದೆ.

"ನೆನ್ನೆ ಅವರಣ್ಣ ಬಂದು ಕರ್ಕೊಂಡೋದ" ಎಂದರು. "ಒಪ್ಕೊಂಡಿದ್ರೆ ಅಲ್ಲಿಗೇ ಮುಗೀತಿತ್ತು ಕಣವ್ವ. ಹುಳ ಹೋದ್ರೆ ಇನ್ನೊಂದು ಬೆಳೆ ತೆಗೀಬೌದು. ಕೊನೇವರ್ಗೂ ಇಲ್ಲ, ಹೇಳಿಲ್ಲ, ಹೇಳಿಲ್ಲ ಅಂತ ಒಂದೇ ಹಟ. ಸುಳ್ಳು ಹೇಳೋಳ ಜತೆ ಸಂಸಾರ ಹೆಂಗ್ ಮಾಡೋದು ಅಂತಾನೆ ಇವನು."

ಅವರ ಪಕ್ಕಕ್ಕೆ ಹೋದೆ. ಜಗಲಿಯ ಮೇಲೆ ಕೂತೇ ಹೇಳಿದೆ. "ಅಕ್ಕಾ, ಅವಳು ಸುಳ್ಳು ಹೇಳಿಲ್ಲ. ನಾನೇ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮರಿಯಪ್ಪನ ಹತ್ತಿರ ಸುಳ್ಳು ಹೇಳಿದೆ."

ಚಿಕ್ಕತಾಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟರು.

"ನಿನ್ ಮನಸ್ಸು ನಂಗೊತ್ತಿಲ್ವ ಕಮಲೂ? ಅವಳ ಸಂಸಾರ ಸರಿಹೋಗ್ಲಿ ಅಂತ ಹಿಂಗಂತಿದ್ದೀಯ. ನೀನು ಹೇಳ್ದೆ ಮದ್ದು ಹೊಡ್ಸೋಳಲ್ಲ ಕಣವ್ವ. ನಿಮ್ಮಪ್ಪ ಬೂದಿ ಎರಚಬೇಕಾದ್ರೂ ಬದು ಮೇಲೆ ನಿಂತು ಕೂಗೋನು. ಅವನ ಮಗಳು ನೀನು."

"ಇಲ್ಲ ಅಕ್ಕ, ನಿಜವಾಗಿ ಹೇಳ್ತಿದ್ದೀನಿ."

"ಬುಡಿ ಮೇಡಂ" ಎಂದ ಕೆಂಪರಾಜು, ತಟ್ಟೆ ಉಜ್ಜುತ್ತಲೇ. "ಆವತ್ತು ಎಲ್ಲರ ಮುಂದೆ ಕೇಳ್ದಾಗ 'ನಾನು ಹೇಳಿಲ್ಲ' ಅಂತ ನೀವು ಅನ್ನಲಿಲ್ವಲ್ಲ. ಈಗ ಅವಳು ಹೋದ್ಮೇಲೆ ಯಾಕಂತೀರ? ಅವಳೇ ಫೋನ್ ಮಾಡಿ ಅತ್ತಿರಬೇಕು."

ನಷ್ಟ ಕಟ್ಟಿಕೊಡುತ್ತೇನೆ ಎಂದೆ. ಅದರಿಂದ ಇನ್ನೂ ಕೆಟ್ಟಿತು. ತನ್ನದಲ್ಲದ ತಪ್ಪಿಗೆ ಕೈಯಿಂದ ದುಡ್ಡು ಹಾಕಲು ಬಂದಿರುವ ದೇವರಂಥವಳು ಎಂದು ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡರು. ನಾನು ಕೂಗಾಡಿದೆ, ಆಣೆ ಇಟ್ಟೆ, ಅಪ್ಪನ ಹೆಸರು ಹಿಡಿದು ಹೇಳಿದೆ. ಹೇಳಿದಷ್ಟೂ ಅವರು ನನ್ನನ್ನು ಮೇಲೆ ಏರಿಸುತ್ತಲೇ ಹೋದರು. ಕೊನೆಗೆ ಒಂದು ಪಡಿ ಅವರೆಕಾಳು ಕಟ್ಟಿಕೊಟ್ಟು ಬಸ್ಸಿಗೆ ಕಳಿಸಿದರು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶೋಭಾಳಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಗುಡೇಮಾರನಹಳ್ಳಿಗೇ ಹೋಗಿ ಅವಳ ಅಣ್ಣನ ಮುಂದೆ ಹೇಳಬೇಕೆಂದು ಎರಡು ಸಲ ಹೊರಟೆ. ಒಂದು ಸಲ ಮಾಗಡಿ ಬಸ್ ನಿಲ್ದಾಣದವರೆಗೂ ಹೋಗಿ, ಕಾಫಿ ಕುಡಿದು ವಾಪಸ್ ಬಂದೆ. ಇನ್ನೊಂದು ಸಲ ರಾಮನಗರದಲ್ಲೇ ಇಳಿದುಬಿಟ್ಟೆ. ಊರಿನವರು ಹೇಳಿದ ಪ್ರಕಾರ ಆ ಕಡೆಯವರೂ ಬರಲಿಲ್ಲ, ಈ ಕಡೆಯವರೂ ಕರೆಯಲಿಲ್ಲ. ಹತ್ತಿ ಹೊಲಕ್ಕೆ ನಾನು ಮತ್ತೆ ಏನನ್ನೂ ಬಿತ್ತಿಸಲಿಲ್ಲ.

ಹೋದ ವರ್ಷ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಶೋಭಾ ಸಿಕ್ಕಳು. ಮೊದಲು ಗುರುತಾಗಲಿಲ್ಲ. ತೆಳ್ಳಗಾಗಿದ್ದಳು. ಉಗುರುಗಳ ಸಂದಿಯಲ್ಲಿ ಕೆಂಪು, ಹಳದಿ ಅರಗಿನ ಬಣ್ಣ. ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಬೊಂಬೆ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಿದ್ದಾಳಂತೆ. ಬಿ.ಎಡ್. ಏನಾಯಿತು ಎಂದು ಕೇಳುವ ಮುಖ ನನಗಿರಲಿಲ್ಲ. ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂರಿಸಿ, ಆ ಭಾನುವಾರ ನಾನು ಹೋಗಿ ಹೇಳಿದ್ದನ್ನೂ ಅವರು ನಂಬದೇ ಹೋದದ್ದನ್ನೂ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯಿತು ಕಣಮ್ಮ ಎಂದೆ.

ಅವಳು ಬ್ಯಾಗಿನ ದಾರ ಸುತ್ತುತ್ತಾ ಕೇಳಿಸಿಕೊಂಡಳು.

"ಒಂಬತ್ತು ದಿನ ಕಾದೆ ಟೀಚರ್" ಎಂದಳು. "ಅಣ್ಣ ಮೂರನೇ ದಿನವೇ ಬಂದಿದ್ದ, ನಾನೇ ವಾಪಸ್ ಕಳ್ಸಿದೆ. ಟೀಚರ್ ಬತ್ತಾರೆ, ಆವತ್ತು ಜನ ಇದ್ರಲ್ಲ ಅದಕ್ಕೆ ಹೇಳೋಕಾಗಿಲ್ಲ, ಬಂದು ಹೇಳ್ತಾರೆ ಅಂದೆ. ದಿನಾ ಚನ್ನಪಟ್ಟಣದ ಬಸ್ಸಿನ ಹೊತ್ತಿಗೆ ಬದು ಹತ್ರ ಬಂದು ನಿಂತ್ಕೊತಿದ್ದೆ."

ನಾನು ಏನೋ ಹೇಳಲು ಹೋದೆ. ಅವಳು ಬೇಡ ಎನ್ನುವಂತೆ ಕೈಯಾಡಿಸಿದಳು.

"ನೀವು ಬಂದು ಹೇಳಿದ್ರಿ ಅಂತ ಆಮೇಲೆ ಗೊತ್ತಾಯ್ತು. ಅವರು ನಂಬಲ್ಲ ಅಂತಲೂ ಗೊತ್ತಿತ್ತು. ಆ ಗುರುವಾರ ಒಂದು ಸಲ ಹೇಳಿದ್ರೆ ನಂಬ್ತಿದ್ರು."

ಅಷ್ಟು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ಅಳುತ್ತಿದ್ದೆ. ಅವಳ ಬಸ್ಸು ಬಂತು. ಎದ್ದು 'ಬತ್ತೀನಿ ಟೀಚರ್' ಎಂದು ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾದಂತೆ ತಿರುಗಿ ನಿಂತಳು.

"ಹತ್ತಿ ಚೆನ್ನಾಗಿ ಬಂತಾ?"

"ಬಂತು" ಎಂದೆ. ಈ ಇಡೀ ವಿಷಯದಲ್ಲಿ, ಕೇಳಿದ ಕೂಡಲೇ ನಾನು ಕೊಟ್ಟ ನಿಜವಾದ ಉತ್ತರ ಅದೊಂದೇ.

ಬಿಡಿಸಿದ ಹತ್ತಿ ಈಗಲೂ ನಮ್ಮ ಅಟ್ಟದ ಮೇಲೆ ಚೀಲದಲ್ಲಿದೆ. ಯಾರಿಗೂ ಕೊಟ್ಟಿಲ್ಲ, ದೀಪದ ಬತ್ತಿಗೂ ಮುಟ್ಟಿಲ್ಲ. ಊರಿಗೆ ಹೋದರೆ ಚಿಕ್ಕತಾಯಮ್ಮ ಹೊಸದಾಗಿ ಸಿಕ್ಕವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಕಮಲು ಎಂಥೋಳು ಗೊತ್ತಾ? ನಮ್ಮ ಸೊಸೆ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಳಾಕೆ ಬಂದಿದ್ಲು" ಎಂದು ಇವತ್ತಿಗೂ ಹೇಳುತ್ತಾರೆ. ನಾನು ಪ್ರತಿ ಸಲವೂ ಇಲ್ಲ ಎನ್ನುತ್ತೇನೆ. ಅವರು ಪ್ರತಿ ಸಲವೂ ನಗುತ್ತಾರೆ.